ಸ್ತಾಮೆಂಕಕ್ಕನ ನಲವತ್ತೆರಡು ದಿನ

"ಪ್ಲಾಸ್ಮಾ ಲೇಪನ ಅಂದ್ರೆ ಏನ್ ಮಹಾ? ಗೋಡೆಗೆ ಬಣ್ಣ ಹೊಡೆದ ಹಾಗೆ ತಾನೆ?" ಎಂದವನೊಬ್ಬ ನಮ್ಮ ಪೆರ್ನಿಕ್ ಊರಿನ ಹೋಟೆಲಿನಲ್ಲಿ ನನ್ನ ಕೈಯಿಂದ ಏಟು ತಿನ್ನುವುದು ಕೂದಲೆಳೆಯಲ್ಲಿ ತಪ್ಪಿತು. ನನ್ನ ಹೆಸರು ಲ್ಯೂಬೆನ್. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮುಚ್ಚಿಡುವವನೂ ನಾನಲ್ಲ. ಎದ್ದು ನಿಂತಿದ್ದೆ. ಪಕ್ಕದಲ್ಲಿದ್ದ ಸ್ತಾಮೆಂಕಕ್ಕ ನನ್ನ ಅಂಗಿಯ ಚುಂಗು ಹಿಡಿದು ಎಳೆದಳು. "ಕೂತ್ಕೊಳೋ ಮಾರಾಯ. ಪಾಪ, ಅವನು ಗೋಡೆಗಾದ್ರೂ ಬಣ್ಣ ಹೊಡೆದಿದಾನೋ ಇಲ್ವೋ" ಎಂದಳು. ಇಡೀ ಹೋಟೆಲು ಗೊಳ್ಳೆಂದು ನಕ್ಕಿತು. ಅವನೂ ನಕ್ಕ, ನಾನೂ ಕೂತೆ.

ಹೇಳಬೇಕಾಗಿರುವುದು ಈ ಅಕ್ಕನ ಕತೆಯನ್ನೇ. ಹೇಳದೆ ನನಗೆ ತಡೆಯಲಾಗುತ್ತಿಲ್ಲ.

ನಮ್ಮದು ಸವೆತದ ಮೇಲೆ ಬದುಕುವ ವರ್ಕ್‌ಶಾಪು. ಹಳೆಯ ಉಕ್ಕಿನ ಕಾರ್ಖಾನೆಯ ಹಿಂದೆ ಒಂದು ಉದ್ದನೆಯ ಶೆಡ್ಡು, ಒಟ್ಟು ಹನ್ನೊಂದು ಜನ. ಗಣಿಗಳಿಂದ, ಕರೆಂಟು ಹುಟ್ಟಿಸುವ ಸ್ಥಾವರಗಳಿಂದ ಸವೆದು ಸಣಕಲಾದ ಶಾಫ್ಟು, ಫ್ಯಾನಿನ ರೆಕ್ಕೆ, ಪಂಪಿನ ಬಿಡಿಭಾಗ ಎಲ್ಲ ನಮ್ಮ ಬಾಗಿಲಿಗೆ ಬರುತ್ತವೆ. ಸ್ತಾಮೆಂಕಕ್ಕ ಅವುಗಳಿಗೆ ಹೊಸ ಚರ್ಮ ಹೊದಿಸುತ್ತಿದ್ದಳು. ನಾನು ಆ ಚರ್ಮವನ್ನು ವಜ್ರದ ಚಕ್ರಕ್ಕೆ ಒಡ್ಡಿ, ಉಜ್ಜಿ, ಅಳತೆಗೆ ತರುತ್ತಿದ್ದೆ. ಇಪ್ಪತ್ತೆರಡು ವರ್ಷ ಹೀಗೇ ನಡೆದಿತ್ತು. ಅವಳು ಲೇಪನ ಹೊಡೆಯುವ ತಗಡಿನ ಕೋಣೆ, ಅಂದರೆ ಬೂತಿನ ಒಳಗೆ, ನಾನು ಹೊರಗೆ ಗ್ರೈಂಡಿಂಗ್ ಮಿಷನ್ನಿನ ಮುಂದೆ.

ಅವಳು ಲೇಪನ ಹೊಡೆಯುವ ಆ ಗನ್ ಹೊತ್ತಿಕೊಳ್ಳುವುದನ್ನು ನೀವು ಒಮ್ಮೆ ನೋಡಬೇಕು! ಒಳಗೆ ಹರಿಯುವ ಅನಿಲಕ್ಕೆ ಕರೆಂಟಿನ ಮಿಂಚು ತಾಗುತ್ತದೆ, ಟಪ್ ಎಂದು ಸದ್ದು, ಬಾಯಿಂದ ಗೇಣುದ್ದದ ಬಿಳಿಯ ಉರಿ. ಹತ್ತು ಸಾವಿರ ಡಿಗ್ರಿ! ಕಪ್ಪು ಗಾಜಿಲ್ಲದೆ ನೋಡಿದರೆ ಕಣ್ಣು ಹೋದ ಹಾಗೇ. ಆ ಉರಿಯೊಳಕ್ಕೆ ಬೂದು ಬಣ್ಣದ ಪುಡಿಯನ್ನು ಹಾಯಿಸುತ್ತಾರೆ. ಪುಡಿಯಲ್ಲಿ ಎರಡು ಜಾತಿ: ಕಾರ್ಬೈಡಿನ ಗಟ್ಟಿ ಕಾಳು, ಅದನ್ನು ಹಿಡಿದುಕೊಳ್ಳುವ ಲೋಹ. ಲೋಹ ಕರಗಬೇಕು, ಕಾಳು ಕಾಳಾಗಿಯೇ ಉಳಿಯಬೇಕು. ಎರಡೂ ಒಟ್ಟಿಗೆ ಹಾರಿ ಹೋಗಿ ತಿರುಗುತ್ತಿರುವ ಉಕ್ಕಿಗೆ ಪಟಪಟನೆ ಬಡಿದು ಚಪ್ಪಟೆಯಾಗಿ ಕೂರುತ್ತವೆ. ಪದರದ ಮೇಲೆ ಪದರ, ಮೂರು ತಲೆಗೂದಲಿನ ದಪ್ಪ ಆಗುವವರೆಗೆ. ಕಲ್ಲುಮರಳು ಬಂದು ತಿಕ್ಕಿದರೆ ತಡೆದು ನಿಲ್ಲುವುದು ಕಾಳು, ಕಾಳು ಉದುರದಂತೆ ನೋಡಿಕೊಳ್ಳುವುದು ಲೋಹ. ಇಷ್ಟೇ ಗುಟ್ಟು. ಆದರೆ ಈ ಇಷ್ಟೇ ಗುಟ್ಟಿಗೆ ಅಕ್ಕ ನಲವತ್ತಕ್ಕೂ ಹೆಚ್ಚು ವರ್ಷ ಸವೆಸಿದ್ದಾಳೆ.

ಅವಳು ಕಲ್ಲಿದ್ದಲು ಗಣಿಯವನ ಮಗಳು. ಹತ್ತೊಂಬತ್ತನೇ ವಯಸ್ಸಿಗೆ ಕಾರ್ಖಾನೆ ಸೇರಿದಾಗ ಗಂಡಸರೆಲ್ಲ, "ಹುಡುಗಿಗೆ ಏನಾದ್ರೂ ಸುಲಭದ್ದು ಕೊಡ್ರಪ್ಪಾ" ಎಂದು ಯಾರೂ ಮುಟ್ಟದ ಈ ಹೊಸ ಯಂತ್ರದ ಮುಂದೆ ಕೂರಿಸಿದರಂತೆ. ಆಮೇಲೆ ಸರ್ಕಾರ ಬದಲಾಯಿತು, ಕಾರ್ಖಾನೆ ಮುಚ್ಚಿತು, ಗುಜರಿಯವರು ತಾಮ್ರದ ಕೇಬಲ್ಲಿಗಾಗಿ ಈ ಯಂತ್ರವನ್ನು ಕಿತ್ತುಕೊಂಡು ಹೋಗಲು ಬಂದರು. ಜನವರಿಯ ಚಳಿ. ಅಕ್ಕ ಒಂದು ಫ್ಲಾಸ್ಕು, ಒಂದು ಜೊತೆ ಹೆಣಿಗೆ ಕಡ್ಡಿ ಹಿಡಿದುಕೊಂಡು ಬಂದು ಯಂತ್ರದ ಮೇಲೇ ಕೂತಳು. ಮೂರು ದಿನ! "ಮೊದ್ಲು ನನ್ನ ತೂಕ ಹಾಕಿ, ಆಮೇಲೆ ಇದರದ್ದು" ಎಂದಳಂತೆ. ಮೂರನೇ ದಿನ ನಮ್ಮೂರಿನ ಸೂರ್ವಾ ಹಬ್ಬ. ಕೊಂಬಿನ ಮುಖವಾಡ ಹಾಕಿ, ಸೊಂಟಕ್ಕೆ ಗಂಟೆ ಕಟ್ಟಿಕೊಂಡು ಕುಣಿಯುತ್ತಿದ್ದ ನಾವು ಇಪ್ಪತ್ತು ಜನ ಹಾಗೇ ಶೆಡ್ಡಿನೊಳಕ್ಕೆ ನುಗ್ಗಿ ಗುಜರಿಯವರನ್ನು ಓಡಿಸಿದೆವು. ನನ್ನ ಗಂಟೆಯೊಂದು ಆ ಗಲಾಟೆಯಲ್ಲಿ ಬಿದ್ದುಹೋಯಿತು. ಆ ಕಾರ್ಖಾನೆಯಿಂದ ಉಳಿದದ್ದು ಅದೊಂದೇ ಯಂತ್ರ, ಅದನ್ನೇ ನಂಬಿಕೊಂಡು ಈ ವರ್ಕ್‌ಶಾಪು ಹುಟ್ಟಿತು.

ಇನ್ನು ಅವಳ ಮಡಿ! ದೇವಸ್ಥಾನದಲ್ಲೂ ಅಷ್ಟು ಮಡಿ ಇರಲಾರದು. ಲೇಪನ ಹಿಡಿಯಬೇಕಾದರೆ ಮೊದಲು ಉಕ್ಕಿಗೆ ಚೂಪು ಮರಳು ಹೊಡೆದು ಮೈಯೆಲ್ಲ ತರಿತರಿ ಮಾಡಬೇಕು. ಆ ತರಿಯ ಮೇಲೆ ಬರಿಗೈ ಇಟ್ಟರೆ ಮುಗಿಯಿತು. ಬೆರಳಿನ ಜಿಡ್ಡು ಕಣ್ಣಿಗೆ ಕಾಣದಷ್ಟು ತಾಗಿದರೂ ಅಲ್ಲಿ ಲೇಪನ ಎದ್ದು ಬರುತ್ತದೆ. ಬೂತಿನ ಬಾಗಿಲಲ್ಲಿ ಒಂದು ಮರದ ಸೌಟು ನೇತುಹಾಕಿದ್ದಳು. ಬರಿಗೈ ಚಾಚಿದವನಿಗೆ ಗೆಣ್ಣಿನ ಮೇಲೆ ಒಂದು. "ಬಾನಿತ್ಸಾ ತಿಂದ್ಕೊಂಡು ಬಂದಿದ್ಯಾ? ಬೆಣ್ಣೆ ವಾಸನೆ ಬರ್ತಿದೆ. ಹೋಗು ಹೋಗು, ಸೋಪು ಹಾಕ್ಕೊಂಡು ಬಾ!" ಎಂದು ಮಾಲೀಕರನ್ನೂ ಅಟ್ಟಿದ್ದಾಳೆ. ಉರಿ ಸರಿಯಿದೆಯೋ ಇಲ್ಲವೋ ಎಂದು ಅವಳು ಮೀಟರಿನ ಮುಳ್ಳು ನೋಡಿ ತಿಳಿದುಕೊಳ್ಳುವವಳೂ ಅಲ್ಲ. ಬೂತಿನ ತಗಡಿನ ಗೋಡೆಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ, "ಗನ್ನಿನ ನಳಿಗೆ ಸವೆದಿದೆ, ಬದಲಾಯ್ಸಬೇಕು" ಎನ್ನುತ್ತಿದ್ದಳು. ಬಿಚ್ಚಿ ನೋಡಿದರೆ ಸವೆದೇ ಇರುತ್ತಿತ್ತು.

ಹೀಗಿರುವಾಗ ಹಳೆಯ ಮಾಲೀಕರು ತೀರಿಕೊಂಡು ಅವರ ಮಗ ಯಾವೊರ್ ಬಂದ. ಇಂಜಿನಿಯರು, ಓದಿದವನು, ಕೆಟ್ಟವನಲ್ಲ. ಆದರೆ ಅವನಿಗೆ ಎಲ್ಲಕ್ಕೂ ಒಂದು ಅಂಕಿ ಬೇಕು. ಅಕ್ಕನ ಲೇಪನದ ಗಡಸುತನ ಅಳೆದ. ಎಂಟುನೂರ ಐವತ್ತು ಬಂತು. ಹೊರದೇಶದಿಂದ ತರಿಸಿದ ಪಂಪಿನ ಸ್ಲೀವಿನ ಲೇಪನದ್ದು ಸಾವಿರದ ಐವತ್ತು.

"ಅಕ್ಕಾ, ಪುಸ್ತಕದಲ್ಲಿ ಹೇಳಿರೋದಕ್ಕಿಂತ ಉರಿ ಕಮ್ಮಿ ಇಡ್ತೀರಲ್ಲ, ಯಾಕೆ? ಉರಿ ಏರ್ಸಿದ್ರೆ ಇನ್ನೂ ಗಡಸಾಗತ್ತೆ" ಎಂದ.

"ಗಡಸಾಗತ್ತಪ್ಪ, ಇಲ್ಲ ಅಂದೋರ್ಯಾರು? ಸಕ್ಕರೆ ಪಾಕಕ್ಕೆ ಅಕ್ರೋಟು ಹಾಕಿ ನಿಮ್ಮಜ್ಜಿ ಮಿಠಾಯಿ ಮಾಡ್ತಿದ್ರಲ್ಲ, ನೆನಪಿದ್ಯಾ? ಪಾಕ ಜಾಸ್ತಿ ಕಾದ್ರೆ ಏನಾಗ್ತಿತ್ತು?"

"ಗಟ್ಟಿಯಾಗ್ತಿತ್ತು."

"ಕಚ್ಚಿದ್ರೆ?"

"ಪುಡಿಪುಡಿ."

"ಹಾಂ. ಅಕ್ರೋಟೂ ಹಿಡ್ಕೊಳ್ದೆ ಉದುರಿ ಹೋಗ್ತಿತ್ತು. ಉರಿ ಜಾಸ್ತಿಯಾದ್ರೆ ಕಾರ್ಬೈಡಿನ ಕಾಳೂ ಕರಗಿ ಸತ್ವ ಕಳ್ಕೊಳತ್ತೆ ಸಾಹೇಬ್ರೇ. ಗಡಸು ಬೇರೆ, ಬಾಳಿಕೆ ಬೇರೆ."

ಯಾವೊರ್ ನಕ್ಕ. ಆದರೆ ಅವನ ಮೇಜಿನ ಮೇಲೆ ಪ್ಲೋವ್‌ದಿವ್ ನಗರದ ಒಬ್ಬನ ಪತ್ರವಿತ್ತು: ಯಂತ್ರ ನನಗೆ ಮಾರಿಬಿಡಿ, ಸೇಂಟ್ ಜಾರ್ಜ್ ಹಬ್ಬ ಮುಗಿದ ಮರುದಿನ, ಮೇ ಏಳಕ್ಕೆ ಬಂದು ಬಿಚ್ಚಿಕೊಂಡು ಹೋಗುತ್ತೇನೆ ಅಂತ. ಯಂತ್ರ ಹೋದರೆ ಅಕ್ಕನೂ ಮನೆಗೆ. ಕೊನೆಗೆ ಯಾವೊರನೇ ಒಂದು ದಾರಿ ಹೇಳಿದ. ಮೇಲಿನ ತಾಮ್ರದ ಗಣಿಯಲ್ಲಿ ಕಲ್ಲುಪುಡಿ ಕಲಸಿದ ರಾಡಿಯನ್ನು ಎತ್ತುವ ದೊಡ್ಡ ಪಂಪಿದೆ. ಅದರ ಶಾಫ್ಟಿಗೆ ತೊಡಿಸುವ ಉಕ್ಕಿನ ಕೊಳವೆಯೇ ಸ್ಲೀವು. ಹೊರದೇಶದ ಸ್ಲೀವು ಅಲ್ಲಿ ನಲವತ್ತೆರಡು ದಿನಕ್ಕೆ ಸವೆದು ಹೋಗುತ್ತಿತ್ತು. ಅಕ್ಕನದು ಅಷ್ಟು ದಿನ ದಾಟಿದರೆ ಗಣಿಯ ಕೆಲಸವೆಲ್ಲ ನಮಗೆ, ಬೂತು ಉಳಿಯುತ್ತದೆ. ದಾಟದಿದ್ದರೆ ಪ್ಲೋವ್‌ದಿವ್‌ನವನಿಗೆ ಹೂಂ ಎಂದು ಬರೆಯುವುದು. ಅಕ್ಕ ಏಪ್ರನ್ನಿಗೆ ಕೈ ಒರೆಸಿಕೊಂಡು, "ಆಗ್ಲಿ" ಎಂದಳು.

ಸ್ಲೀವಿಗೆ ಲೇಪನ ಹಾಕುವ ದಿನ ಮಾರ್ಚ್ ಒಂದು. ಅವತ್ತು ನಮ್ಮಲ್ಲಿ ಮಾರ್ತೆನಿತ್ಸಾ ಕಟ್ಟಿಕೊಳ್ಳದವರಿಲ್ಲ. ಕೆಂಪು ಬಿಳಿ ಉಣ್ಣೆಯ ಹುರಿ, ತುದಿಯಲ್ಲಿ ಎರಡು ಪುಟ್ಟ ಕುಚ್ಚು. ಮೊದಲ ಕೊಕ್ಕರೆ ಕಾಣುವವರೆಗೋ, ಮರ ಹೂ ಬಿಡುವವರೆಗೋ ಅದು ಮಣಿಕಟ್ಟಿನಲ್ಲಿರಬೇಕು, ವರ್ಷವೆಲ್ಲ ಆರೋಗ್ಯ, ಅದೃಷ್ಟ. ಅಂಗಡಿಯಲ್ಲಿ ಸಿಗುವುದು ಅಕ್ಕನಿಗೆ ಆಗದು. ಹಳ್ಳಿಯಲ್ಲಿರುವ ತಂಗಿಯ ಕುರಿಗಳ ಉಣ್ಣೆ ತರಿಸಿ, ತಾನೇ ಹೊಸೆದು, ಹನ್ನೊಂದು ಜನಕ್ಕೂ ಕಟ್ಟುತ್ತಾಳೆ. ಅವತ್ತೂ ಬೆಳಿಗ್ಗೆ ನನ್ನ ಕೈಗೆ ಕಟ್ಟಿ, "ಈ ವರ್ಷವಾದ್ರೂ ಸ್ವಲ್ಪ ಕೋಪ ಕಮ್ಮಿಯಾಗ್ಲಿ ತಂದೆ" ಎಂದಳು.

ಮರಳು ಹೊಡೆದು ಮುಗಿಸಿದ ಸ್ಲೀವು ಸ್ಟ್ಯಾಂಡಿನ ಮೇಲೆ ಬೂದುಬಣ್ಣದಲ್ಲಿ ನಿಂತಿತ್ತು. ಅಕ್ಕ ಓವನ್ನಿನಿಂದ ಒಣಗಿದ ಪುಡಿ ತರಲು ಆ ಕಡೆಗೆ ಹೋದಳು. ನಾನೊಬ್ಬನೇ. ಆ ಕೊಳವೆಯನ್ನು ನೋಡುತ್ತ ನನಗೆ ಏನೋ ಆಯಿತು. ಅಕ್ಕನ ಬದುಕೆಲ್ಲ ಇದರ ಮೇಲಿದೆ, ಇದಕ್ಕೂ ಅದೃಷ್ಟ ಬೇಡವೇ ಅನ್ನಿಸಿತು. ಹುಷಾರಾಗಿಯೇ ಮಾಡಿದೆ ಸ್ವಾಮಿ! ಒಗೆದ ಹೊಸ ಕೈಗವಸು ಹಾಕಿಕೊಂಡೆ. ಮಣಿಕಟ್ಟಿನ ಮಾರ್ತೆನಿತ್ಸಾ ಬಿಚ್ಚಿ ಸ್ಲೀವಿನ ನಡುವಿಗೆ ಸುತ್ತಿ, ಬಿಗಿಯಾಗಿ ಗಂಟು ಹಾಕಿ, "ಬಾಳು ಮಗನೇ, ಬಾಳು" ಎಂದೆ. ಅಕ್ಕನ ಚಪ್ಪಲಿಯ ಸದ್ದಾಯಿತು. ಲಬಕ್ಕನೆ ಬಿಚ್ಚಿ ಜೇಬಿಗೆ ತುರುಕಿದೆ. ಕೈ ತಾಗಿಲ್ಲ, ಬೆರಳು ತಾಗಿಲ್ಲ. ಏನೂ ಆಗಿಲ್ಲ ಎಂದೇ ನಂಬಿದ್ದೆ.

ಅವತ್ತು ಅಕ್ಕ ಹೊಡೆದ ಲೇಪನವಿದೆಯಲ್ಲ, ಅಬ್ಬಾ! ಸ್ಲೀವು ಗಿರಗಿರ ತಿರುಗುತ್ತಿದೆ, ಬಿಳಿಯ ಉರಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಸವರಿಕೊಂಡು ಹೋಗುತ್ತಿದೆ, ಕಿಡಿಯ ಮಳೆ. ಅಕ್ಕ ಗೋಡೆಗೆ ಅಂಗೈ ಒತ್ತಿ ನಿಂತು ನನ್ನತ್ತ ನೋಡಿ ಕಣ್ಣು ಮಿಟುಕಿಸಿದಳು. ಮರುದಿನ ನಾನು ಉಜ್ಜಿದೆ. ಮುಖ ನೋಡಿಕೊಳ್ಳಬಹುದಾದಷ್ಟು ಹೊಳಪು. ಮಾರ್ಚ್ ಆರಕ್ಕೆ ಗಣಿಯ ಮೆಕ್ಯಾನಿಕ್ ಸ್ಪಾಸ್ ಮಾಮ ಅದನ್ನು ಪಂಪಿಗೆ ಏರಿಸಿದ. ಅವನ ಗಂಟಲು ಎಷ್ಟು ದೊಡ್ಡದೆಂದರೆ ಫೋನಿನ ಅಗತ್ಯವೇ ಇಲ್ಲ. "ಮದುಮಗಳ ಹಾಗಿದೆ ಕಣ್ರೋ!" ಎಂದು ಕಿರುಚಿದ.

ಹದಿನೈದನೇ ತಾರೀಕು ಬೆಳಿಗ್ಗೆ ಅದೇ ಗಂಟಲು. "ಪಂಪು ಸೋರ್ತಿದೆ. ನಿಮ್ಮ ಲೇಪನ ಕಿತ್ಕೊಂಡು ಬಂದಿದೆ!"

ಬರಿಯ ಒಂಬತ್ತು ದಿನ. ಅಕ್ಕ ಹೆಣಿಗೆ ಕಡ್ಡಿ ಕೆಳಗಿಟ್ಟಳು.

ಸಂಜೆಗೆ ಸ್ಲೀವು ಬಂತು. ತೊಳೆದು ಮೇಜಿನ ಮೇಲಿಟ್ಟೆವು. ಯಾವೊರ್, ಅಕ್ಕ, ನಾನು, ಸುತ್ತ ಉಳಿದವರು. ನಡುವಿನಲ್ಲಿ ಒಂದು ತೆಳ್ಳಗಿನ ಉಂಗುರದಷ್ಟು ಜಾಗ ಬೋಳಾಗಿತ್ತು, ಒಳಗಿನ ಉಕ್ಕು ಕಾಣುತ್ತಿತ್ತು. ಉಳಿದದ್ದೆಲ್ಲ ಹೊಳೆಯುತ್ತಿತ್ತು.

"ಲ್ಯೂಬೆನ್, ಮೈಕ್ರೋಮೀಟರ್ ತಗೋ. ಉಳಿದಿರೋ ಕಡೆ ಅಳೆದು ಹೇಳು" ಎಂದಳು ಅಕ್ಕ.

ಅಳೆದೆ. ನಂಬಿಕೆ ಬರಲಿಲ್ಲ, ಒರೆಸಿ ಮತ್ತೆ ಅಳೆದೆ. ಐದು ಕಡೆ ಅಳೆದೆ. "ಒಂಬತ್ತು ದಿನಕ್ಕೆ ಒಂಬತ್ತು ಮೈಕ್ರಾನ್! ಹೊರದೇಶದ್ದು ಇಷ್ಟು ದಿನಕ್ಕೆ ಅರವತ್ತು ಸವೀತಿತ್ತು!" ಎಂದು ಕೂಗಿದೆ. ನಮಗೆ ಇದ್ದದ್ದು ಮುನ್ನೂರು ಮೈಕ್ರಾನಿನ ಲೇಪನ. ದಿನಕ್ಕೆ ಒಂದು ಎಂದರೆ ಎಷ್ಟು ದಿನ ಬರುತ್ತದೆಂದು ಎಲ್ಲರೂ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಯಾವೊರನ ಹುಬ್ಬು ಮೇಲೇರಿತು. ಅವನೂ ಅಳೆದ. ಅವನ ಬಾಯಿಂದ, "ಅಕ್ಕಾ, ಎಂಟುನೂರ ಐವತ್ತಕ್ಕೆ ಇದು ಹೇಗೆ ಸಾಧ್ಯ?" ಎಂದು ಬಂತು.

ಆದರೆ ಅವನು ಇಂಜಿನಿಯರು. ಮೈಕ್ರೋಮೀಟರ್ ಕೆಳಗಿಟ್ಟು, "ಸರಿ. ಆದ್ರೆ ಕಿತ್ಕೊಂಡು ಬಂದಿರೋದೂ ನಿಜ ತಾನೆ? ಕಾರಣ ಹೇಳಿ. ಕಾರಣ ಗೊತ್ತಿಲ್ದೆ ಇನ್ನೊಂದು ಮಾಡಿದ್ರೆ ಅದೂ ಎದ್ದು ಬರತ್ತೆ. ಗಣಿಯವರಿಗೆ ನಾನು ಯಾವ ಮುಖ ಇಟ್ಕೊಂಡು ಹೇಳ್ಲಿ?" ಎಂದ.

ಅಕ್ಕ ಭೂತಗನ್ನಡಿ ಹಿಡಿದು ಬೋಳಾದ ಜಾಗವನ್ನು ನಿಧಾನವಾಗಿ ತಿರುಗಿಸಿ ನೋಡಿದಳು. ಒಂದು ಕಡೆ ಅವಳ ಕೈ ನಿಂತಿತು. ನಾನೂ ಬಗ್ಗಿ ನೋಡಿದೆ. ಉಂಗುರ ಅಲ್ಲಿ ಸ್ವಲ್ಪ ಅಗಲವಾಗಿ ಗಂಟಿನಂತಿತ್ತು. ಗಂಟಿನಿಂದ ಎರಡು ಪುಟ್ಟ ಬಾಲ ಕೆಳಗಿಳಿದಿದ್ದವು. ಬಾಲದ ತುದಿ ಕುಚ್ಚಿನ ಹಾಗೆ ಹರಡಿಕೊಂಡಿತ್ತು. ನಮ್ಮೂರಿನಲ್ಲಿ ಹುಟ್ಟಿದ ಯಾವ ಮಗುವೂ ಆ ಚಿತ್ರವನ್ನು ಗುರುತಿಸುತ್ತದೆ!

ಅಕ್ಕ ತಲೆಯೆತ್ತಿದಳು. ಅವಳ ಕಣ್ಣು ಎಲ್ಲರ ಮಣಿಕಟ್ಟಿನ ಮೇಲೂ ಒಂದು ಸುತ್ತು ಹೋಯಿತು. ಎಲ್ಲರ ಕೈಯಲ್ಲೂ ಅವಳು ಹೊಸೆದ ಹುರಿಯಿತ್ತು. ನನ್ನ ಕೈ ಬರಿದಾಗಿತ್ತು. ಅವಳ ನೋಟ ಅಲ್ಲಿ ಒಂದು ಗಳಿಗೆ ನಿಂತು ಮುಂದೆ ಹೋಯಿತು.

"ನನ್ನ ಕೈ ತಾಗಿರ್ಬೇಕು ಯಾವೊರ್" ಎಂದಳು.

ಯಾಕೆ ಹಾಗೆಂದಳೆಂದು ನನಗೆ ಗೊತ್ತಿತ್ತು. ಅದೇ ವರ್ಷದ ಜನವರಿಯಲ್ಲಿ ಸಾಮಾನು ತಂದವನೊಬ್ಬನ ಮೇಲೆ ನಾನು ಸ್ಪ್ಯಾನರ್ ಎಸೆದಿದ್ದೆ. "ಇನ್ನೊಂದು ತಪ್ಪು ಲ್ಯೂಬೆನ್, ಅಲ್ಲಿಗೆ ಮುಗೀತು" ಎಂದು ಯಾವೊರ್ ಎಲ್ಲರೆದುರು ಹೇಳಿದ್ದ. ನಲವತ್ತೇಳು ವಯಸ್ಸಿನ ಮುಂಗೋಪಿಗೆ ಈ ಊರಿನಲ್ಲಿ ಬೇರೆ ಕೆಲಸ ಯಾರು ಕೊಡುತ್ತಾರೆ?

ಯಾವೊರ್ ಮೆಲ್ಲಗೆ, "ಇಷ್ಟು ವರ್ಷ ತಾಗದ ಕೈ ಈಗ ತಾಗ್ತು ಅಂದ್ರೆ... ಬೇಜಾರ್ ಮಾಡ್ಕೋಬೇಡಿ ಅಕ್ಕಾ. ಮನೆಗೆ ಹೋಗಿ ಸುಧಾರಿಸ್ಕೊಳ್ಳೋ ಹೊತ್ತಾಯ್ತು ಅನ್ಸತ್ತೆ. ಪ್ಲೋವ್‌ದಿವ್‌ನವನಿಗೆ ನಾಳೆ ಬರೀತೀನಿ" ಎಂದ.

ಅಕ್ಕ ಏಪ್ರನ್ನಿನ ಗಂಟು ಬಿಚ್ಚತೊಡಗಿದಳು. ಗಂಟು ಬಿಚ್ಚಿಕೊಳ್ಳಲಿಲ್ಲ. ಅಂಥ ಕೋಪ ನನಗೆ ಜನ್ಮದಲ್ಲಿ ಬಂದಿರಲಿಲ್ಲ, ಅದೂ ನನ್ನ ಮೇಲೆಯೇ.

"ಸುಳ್ಳು! ಅಕ್ಕ ಸುಳ್ಳು ಹೇಳ್ತಿದಾಳೆ!" ಎಂದು ಮೇಜು ಗುದ್ದಿದೆ. ಮೈಕ್ರೋಮೀಟರ್ ಎಗರಿ ಬಿತ್ತು. "ಅವಳ ಕೈಯೂ ತಾಗಿಲ್ಲ ಕಾಲೂ ತಾಗಿಲ್ಲ! ನಾನು ಕಣ್ರೀ, ನಾನು! ಒಳ್ಳೇದಾಗ್ಲಿ ಅಂತ ನನ್ನ ಮಾರ್ತೆನಿತ್ಸಾ ಬಿಚ್ಚಿ ಅದಕ್ಕೆ ಕಟ್ಟಿದ್ದೆ! ಕೈಗವಸು ಹಾಕ್ಕೊಂಡೇ ಕಟ್ಟಿದ್ದೆ, ಒಂದೇ ಒಂದು ನಿಮಿಷ. ಕಳಿಸೋದಾದ್ರೆ ನನ್ನನ್ನ ಕಳಿಸಿ!"

ಯಾವೊರ್ ವಿಚಿತ್ರವಾಗಿ ನನ್ನನ್ನೊಮ್ಮೆ, ಸ್ಲೀವನ್ನೊಮ್ಮೆ ನೋಡಿದ. ಆಮೇಲೆ ತನ್ನ ಮಣಿಕಟ್ಟಿನ ಮಾರ್ತೆನಿತ್ಸಾ ಬಿಚ್ಚಿದ. ಬೋಳಾದ ಉಂಗುರದ ಮೇಲೆ ಅದನ್ನು ಮೆಲ್ಲಗೆ ಸುತ್ತಿ, ಗಂಟಿನ ಮೇಲೆ ಗಂಟು ಕೂರಿಸಿ, ಎರಡು ಕುಚ್ಚುಗಳನ್ನು ಕೆಳಗೆ ಬಿಟ್ಟ. ಒಂದು ಎಳೆಯೂ ಆಚೀಚೆ ಆಗಲಿಲ್ಲ. ಹಿಂದಿನಿಂದ ಯಾರೋ, "ಅಯ್ಯೋ ದೇವರೇ!" ಎಂದರು.

"ಉಣ್ಣೆ! ಕುರಿಯ ಉಣ್ಣೆಗೆ ಜಿಡ್ಡಿರತ್ತೆ!" ಎಂದು ಯಾವೊರ್ ಕೂಗಿದ. ಆ ಮನುಷ್ಯ ಕೂಗಿದ್ದನ್ನು ನಾವು ಅದೇ ಮೊದಲು ಕೇಳಿದ್ದು.

"ನಾನು ಸರಿಯಾಗಿ ಒಗೀಲಿಲ್ಲ. ಜಿಡ್ಡಿದ್ರೆ ಹೊಸೆಯೋಕೆ ಸಲೀಸು" ಎಂದಳು ಅಕ್ಕ. "ಅದೂ ಅಲ್ದೆ ತರಿಗೆ ಎಳೆ ಸಿಕ್ಕಿಕೊಂಡಿರತ್ತೆ. ದೀಪ ಹಿಡಿದು ನೋಡದೇ ಇದ್ದದ್ದು ನನ್ನ ತಪ್ಪೇ ಅಲ್ವಾ?"

"ನಿಮಗೆ ಆಗ್ಲೇ ಗೊತ್ತಾಗಿತ್ತು. ಯಾಕೆ ಹೇಳ್ಲಿಲ್ಲ?"

ಅಕ್ಕ ತಲೆ ಮೇಲೆತ್ತಿ ನಾಲಗೆ ಟಕ್ ಎನ್ನಿಸಿದಳು. ಹೇಳುವುದಿಲ್ಲ ಎಂದರ್ಥ. ಆಮೇಲೆ ತನ್ನ ಕೈಯ ಮಾರ್ತೆನಿತ್ಸಾ ಬಿಚ್ಚಿ, ನನ್ನ ಕೈ ಎಳೆದುಕೊಂಡು ಕಟ್ಟಿದಳು. "ಕೊಕ್ಕರೆ ಬರೋಕ್ ಮುಂಚೆ ಬರಿಗೈಲಿ ಓಡಾಡ್ಬಾರ್ದು ಕಣೋ ದಡ್ಡ. ಕಬ್ಬಿಣಕ್ಕೆ ಬೇಕು ಅಂದಿದ್ರೆ ಇನ್ನೊಂದು ಹೊಸೆದು ಕೊಡ್ತಿದ್ದೆ. ಲೇಪನ ಆದ್ಮೇಲೆ." ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಅಷ್ಟೂ ಜನರ ಮುಂದೆ, ನಾನು, ಲ್ಯೂಬೆನ್, ಗಳಗಳನೆ ಅತ್ತೆ.

ಆದರೂ ಯಾವೊರ್ ಬರಿಯ ಮಾತಿಗೆ ಒಪ್ಪುವವನಲ್ಲ. ಮರುದಿನ ಎರಡು ಉಕ್ಕಿನ ಹಲಗೆಗೆ ಮರಳು ಹೊಡೆಸಿದ. ಒಂದಕ್ಕೆ ನನ್ನಿಂದಲೇ, ಅದೇ ಥರ ಕೈಗವಸು ಹಾಕಿಸಿ, ಮಾರ್ತೆನಿತ್ಸಾ ಕಟ್ಟಿಸಿ ಬಿಚ್ಚಿಸಿದ. ಅಕ್ಕ ಎರಡಕ್ಕೂ ಒಂದೇ ಉರಿಯಲ್ಲಿ ಲೇಪನ ಹೊಡೆದಳು. ತಣ್ಣಗಾದ ಮೇಲೆ ಯಾವೊರ್ ಉಳಿ, ಸುತ್ತಿಗೆ ತೆಗೆದುಕೊಂಡ. ಮೊದಲ ಹಲಗೆಗೆ ಮೆಲ್ಲಗೆ ತಟ್ಟಿದ, ದಾರ ಕಟ್ಟಿದ್ದ ಗೆರೆಯುದ್ದಕ್ಕೂ ಲೇಪನ ಸಿಪ್ಪೆಯ ಹಾಗೆ ಎದ್ದು ಬಂತು. ಎರಡನೆಯದಕ್ಕೆ ಹೊಡೆದ, ಹೊಡೆದ, ಬೆವರು ಸುರಿಸಿಕೊಂಡು ಹೊಡೆದ. ಉಳಿಯ ಬಾಯಿ ಮುರಿಯಿತು! ನಾವೆಲ್ಲ ಶಿಳ್ಳೆ ಹಾಕಿದೆವು.

"ಇಪ್ಪತ್ತನಾಲ್ಕಕ್ಕೆ ಹೊಸ ಸ್ಲೀವು ಪಂಪಿಗೆ ಏರಿದ್ರೆ ನಲವತ್ತೆರಡನೇ ದಿನ ಮೇ ಐದು. ಪ್ಲೋವ್‌ದಿವ್‌ನವನು ಬರೋದು ಏಳಕ್ಕೆ" ಎಂದು ಯಾವೊರ್ ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟ. "ಅಲ್ಲಿವರೆಗೆ ಅವನಿಗೆ ಏನೂ ಬರೆಯಲ್ಲ. ಆದ್ರೆ ಅಕ್ಕಾ, ಇದು ಕೊನೇದು. ಇದೂ ಹೋದ್ರೆ ನಾನು ಏನೂ ಮಾಡೋಕಾಗಲ್ಲ."

ನನ್ನತ್ತ ತಿರುಗಿ, "ನಿನ್ನನ್ನ ಕಳಿಸಿಬಿಟ್ರೆ ಇದನ್ನ ಉಜ್ಜೋರ್ಯಾರು? ಇರು. ಆದ್ರೆ ಬೂತಿನ ಹತ್ರ ಸುಳಿದ್ಯೋ, ಕಾಲು ಮುರೀತೀನಿ" ಎಂದ. ಬರಿಯ ಬಾಯಿಮಾತಲ್ಲ, ಬೂತಿನ ಬಾಗಿಲಿಂದ ಮೂರು ಹೆಜ್ಜೆ ದೂರದಲ್ಲಿ ನೆಲದ ಮೇಲೆ ಕೆಂಪು ಬಿಳಿ ಗೆರೆ ಬಳಿಸಿದ. ಗೆರೆಯಾಚೆ ಲ್ಯೂಬೆನ್ ಹೋಗಕೂಡದು. ಊರೆಲ್ಲ ಬಂದು ಆ ಗೆರೆ ನೋಡಿ ನಕ್ಕು ಹೋದರು. ನಗಲಿ ಬಿಡಿ ಎಂದುಕೊಂಡು ಸುಮ್ಮನಿದ್ದೆ.

ಎರಡನೇ ಸ್ಲೀವಿಗೆ ಅಕ್ಕ ದೀಪ ಹಿಡಿದು ಅರ್ಧ ಗಂಟೆ ನೋಡಿದಳು. ನಾನು ಗೆರೆಯೀಚೆ ನಿಂತಿದ್ದೆ. ಇಪ್ಪತ್ತನಾಲ್ಕಕ್ಕೆ ಸ್ಪಾಸ್ ಮಾಮ ಅದನ್ನು ಪಂಪಿಗೆ ಏರಿಸಿದ.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ! ಬೆಳಿಗ್ಗೆ ಎಂಟಕ್ಕೆ ಫೋನು. "ಏನಾಯ್ತು ಮಾಮ?" "ತಿರುಗ್ತಿದೆ." ಅಷ್ಟೇ, ಮರುದಿನ ಎಂಟರವರೆಗೆ ಉಸಿರಾಡಬಹುದು. ಒಂಬತ್ತನೇ ದಿನ ನಾನು ಊಟ ಮಾಡಲಿಲ್ಲ. ಅವತ್ತೂ ತಿರುಗುತ್ತಿತ್ತು! ಹತ್ತನೇ ದಿನ ಅಕ್ಕ ಎಲ್ಲರಿಗೂ ಬಾನಿತ್ಸಾ ಮಾಡಿಕೊಂಡು ಬಂದಳು, ತಿಂದವರನ್ನೆಲ್ಲ ಸೋಪಿಗೆ ಕಳಿಸಿದಳು. ಶೆಡ್ಡಿನ ಹಿಂದಿನ ಪ್ಲಮ್ ಮರ ಹೂ ಬಿಟ್ಟಿತು, ಎಲ್ಲರೂ ಮಾರ್ತೆನಿತ್ಸಾ ಬಿಚ್ಚಿ ಕೊಂಬೆಗೆ ಕಟ್ಟಿದರು. ನಾನು ಕಟ್ಟಲಿಲ್ಲ. ನಲವತ್ತೆರಡು ಆಗುವವರೆಗೆ ಬಿಚ್ಚುವುದಿಲ್ಲ ಎಂದೆ. 'ಲ್ಯೂಬೆನ್‌ಗೆ ಇನ್ನೂ ಕೊಕ್ಕರೆ ಕಂಡಿಲ್ಲ' ಎಂದು ಇಡೀ ಏಪ್ರಿಲ್ ತಿಂಗಳು ತಮಾಷೆ ಮಾಡಿದರು. ಇಪ್ಪತ್ತೊಂಬತ್ತನೇ ದಿನ ಫೋನು ಬರಲಿಲ್ಲ. ಎಂಟೂವರೆ ಆಯಿತು, ಒಂಬತ್ತಾಯಿತು. ನಾನು ಕೋಟು ಹಾಕಿಕೊಂಡು ಗಣಿಗೇ ಹೊರಟಿದ್ದೆ. ಆಗ ಬಂತು. "ತಿರುಗ್ತಿದೆ ಕಣಯ್ಯಾ! ನಾನೇ ಎದ್ದಿರ್ಲಿಲ್ಲ!"

ಮೇ ಐದು. ಸ್ಪಾಸ್ ಮಾಮ ಪಂಪು ನಿಲ್ಲಿಸಿ, ಬಿಚ್ಚಿ, ಅಳೆದು ಹೇಳುತ್ತೇನೆಂದಿದ್ದ. ಹನ್ನೊಂದು ಗಂಟೆಗೆ ಯಾವೊರನ ಮೇಜಿನ ಮೇಲೆ ಫೋನು ಬಡಿದುಕೊಂಡಿತು. ಅವನು ಎತ್ತಲು ಕೈ ಚಾಚಿ ಹಿಂದಕ್ಕೆ ತೆಗೆದ. "ನೀವೇ ಎತ್ತಿ ಅಕ್ಕಾ" ಎಂದ.

ಅವಳು ಎತ್ತಿದಳು. ಫೋನು ಅವಳ ಕಿವಿಯಲ್ಲಿದ್ದರೂ ಎಲ್ಲರಿಗೂ ಕೇಳಿಸಿತು. "ನಲವತ್ತು ಮೈಕ್ರಾನ್ ಸ್ತಾಮೆಂಕಾ! ಬರೀ ನಲವತ್ತು! ಉಗುರಲ್ಲಿ ಕೆರೆದೆ, ಚಾಕೂಲಿ ಕೆರೆದೆ, ಒಂದು ಚಕ್ಕೆ ಎದ್ದಿಲ್ಲ! ಇದು ನನ್ನ ಮೊಮ್ಮಗನ ಮದುವೆವರೆಗೂ ತಿರುಗತ್ತೆ! ವಾಪಸ್ ಹಾಕ್ತಿದೀನಿ, ಇನ್ನು ಆರು ಕಳಿಸು!"

ಶೆಡ್ಡಿನ ತಗಡು ಹಾರಿ ಹೋಗುವಂತೆ ಕೂಗಿದೆವು. ಯಾರೋ ಸೂರ್ವಾ ಹಬ್ಬದ ಗಂಟೆ ಹುಡುಕಿ ತಂದು ಬಾರಿಸಿದರು. ಯಾವೊರ್ ಪ್ಲೋವ್‌ದಿವ್‌ನ ಪತ್ರವನ್ನು ನಾಲ್ಕಾಗಿ ಹರಿದು, "ನಾಳೆ ಸೇಂಟ್ ಜಾರ್ಜ್ ಹಬ್ಬಕ್ಕೆ ಕುರಿಮರಿ ಊಟ ನಮ್ಮನೇಲಿ, ಎಲ್ಲರೂ ಬನ್ನಿ" ಎಂದ. ಅಕ್ಕ ಮಾತ್ರ ಫೋನು ಕೈಯಲ್ಲೇ ಹಿಡಿದುಕೊಂಡು, "ನಲವತ್ತು... ನಾನು ನಲವತ್ತೆರಡು ಅಂದ್ಕೊಂಡಿದ್ದೆ" ಎನ್ನುತ್ತಿದ್ದಳು. ಮುಖವೆಲ್ಲ ನಗು, ಕಣ್ಣು ಒದ್ದೆ.

ಗಲಾಟೆ ಇಳಿದ ಮೇಲೆ ಅವಳು ಬೂತಿನ ಬಾಗಿಲಿಗೆ ಹೋಗಿ ನಿಂತು, "ಲ್ಯೂಬೆನ್, ಬಾ ಇಲ್ಲಿ" ಎಂದಳು.

ನಾನು ಗೆರೆಯ ತನಕ ಹೋಗಿ ನಿಂತೆ.

"ದಾಟಿ ಬಾ."

"ಅಕ್ಕಾ, ಅವನಾ?" ಎಂದ ಯಾವೊರ್. "ಗನ್ ಕಲಿಸೋಕೆ ಬೇರೆ ಯಾರೂ ಸಿಗ್ಲಿಲ್ವಾ ನಿಮಗೆ?"

"ನನಗೂ ಅರವತ್ತೆರಡಾಯ್ತು ಯಾವೊರ್. ಯಾರಾದ್ರೂ ಕಲೀಬೇಕಲ್ಲ" ಎಂದಳು ಅಕ್ಕ. "ಮುಟ್ಟಬಾರದ್ದನ್ನ ಮುಟ್ಟಿದ್ರೆ ಏನಾಗತ್ತೆ ಅಂತ ಇವನಷ್ಟು ಚೆನ್ನಾಗಿ ಗೊತ್ತಿರೋರು ಈ ಊರಲ್ಲಿ ಇನ್ಯಾರಿದಾರೆ?"

ನಾನು ಮಣಿಕಟ್ಟಿನ ಮಾರ್ತೆನಿತ್ಸಾ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಸೋಪು ಹಚ್ಚಿ ಎರಡು ಸಲ ಕೈ ತೊಳೆದೆ. ಗೆರೆ ದಾಟಿದೆ. ಅಕ್ಕ ಗನ್ ಹೊತ್ತಿಸಿ, ನನ್ನ ಅಂಗೈ ಹಿಡಿದು ಬೂತಿನ ಗೋಡೆಗೆ ಒತ್ತಿ, ಅದರ ಮೇಲೆ ತನ್ನ ಕೈಯಿಟ್ಟಳು. ತಗಡು ಸಣ್ಣಗೆ ನಡುಗುತ್ತಿತ್ತು. "ಕಣ್ಣು ಮುಚ್ಚು. ಏನನ್ಸತ್ತೆ ಹೇಳು" ಎಂದಳು. ನಾನು ಕಣ್ಣು ಮುಚ್ಚಿದೆ.